ಆರು ಸೆಕೆಂಡಿನ ತಿಣುಕು

ಸಂಜೆ ಹೊಲದಿಂದ ಬಂದು ಹುಲ್ಲಿನ ಹೊರೆ ಇಳಿಸುವ ಹೊತ್ತಿಗೆ ನಿಂಬೆಹಣ್ಣಿನಷ್ಟು ಗಂಟು ಕೆಳಗೆ ಕೈಗೆ ಸಿಗುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಅದು ಒಳಗೆ ಹೋಗಿರುತ್ತದೆ. ಗರ್ಭಕೋಶ ಜಾರಿದ ಹೆಂಗಸರು ಹುಬ್ಬಳ್ಳಿಯ ಸ್ಕ್ಯಾನ್ ಕೋಣೆಗೆ ಬರುವುದು ಹೆಚ್ಚಾಗಿ ಇಂಥ ಬೆಳಗಿನಲ್ಲೇ. ಮುಂಡರಗಿಯಿಂದಲೋ ಹಾನಗಲ್ಲಿನಿಂದಲೋ ಮೊದಲ ಬಸ್ಸು ಹಿಡಿದು, ಎರಡು ಮೂರು ತಾಸು ಕೂತು ಬಂದು, ಮಂಚದ ಮೇಲೆ ಅಂಗಾತ ಮಲಗುತ್ತಾರೆ. ಹೊಟ್ಟೆಯ ಮೇಲೆ ಪ್ರೋಬ್ ಇಟ್ಟು ನೋಡಿದರೆ ಗರ್ಭಕೋಶ ತನ್ನ ಜಾಗದಲ್ಲೇ ಕಾಣುತ್ತದೆ. "ಗರ್ಭಕೋಶದ ಗಾತ್ರ, ಆಕಾರ ಸಹಜ" ಎಂಬ ರಿಪೋರ್ಟ್ ಹಿಡಿದು ಮನೆಗೆ ಹೋಗುತ್ತಾರೆ. ಸಂಜೆ ಗಂಟು ಮತ್ತೆ ಬರುತ್ತದೆ. ಮನೆಯವರು ರಿಪೋರ್ಟ್ ತೋರಿಸಿ, "ಏನೂ ಇಲ್ಲಂತ ಬರದಾರಲ್ಲ" ಅನ್ನುತ್ತಾರೆ.

ಆ ರಿಪೋರ್ಟಿನಲ್ಲಿ ಸುಳ್ಳಿಲ್ಲ. ಮಲಗಿ ಸುಮ್ಮನಿರುವ ದೇಹದಲ್ಲಿ ಅಂಗಗಳು ಎಲ್ಲಿವೆ ಎಂಬುದನ್ನು ಅದು ಸರಿಯಾಗಿಯೇ ಹೇಳಿದೆ. ಆದರೆ ಜಾರುವಿಕೆ ಎಂಬುದು ಚಲನೆ. ಹೊಟ್ಟೆಯೊಳಗಿನ ಒತ್ತಡ ಏರಿದಾಗ ಯಾವ ಅಂಗ, ಎಷ್ಟು, ಯಾವ ದಾರಿಯಲ್ಲಿ ಇಳಿಯುತ್ತದೆ ಎಂಬುದನ್ನು ನೋಡಬೇಕಾದರೆ ಆ ಒತ್ತಡ ನಮ್ಮ ಕಣ್ಣೆದುರೇ ಏರಬೇಕು. ಅದಕ್ಕೆ ಹೆಂಗಸು ತಿಣುಕಬೇಕು, ಅರೆಮನಸ್ಸಿನಿಂದಲ್ಲ, ಪೂರ್ತಿ ಬಲ ಹಾಕಿ. ಪ್ರೋಬನ್ನು ಕೆಳಗೆ ಹೊರಗಿನಿಂದ ಇಟ್ಟು ಮಾಡುವ ಸ್ಕ್ಯಾನ್ ಇದೆ, ಅದರ ಎಲ್ಲ ಸಿದ್ಧತೆ ಈ ತಿಣುಕೊಂದಕ್ಕಾಗಿಯೇ.

ಚಿತ್ರ ತೆಗೆಯುವ ಮೊದಲು ಕೈ ಪರೀಕ್ಷೆ ಆಗಿರಲೇಬೇಕು. ಸ್ತ್ರೀರೋಗ ತಜ್ಞರು ಸ್ಪೆಕ್ಯುಲಮ್ ಇಟ್ಟು, ತಿಣುಕಿಸಿ, ಯೋನಿಯ ಬಾಯಿಯ ಅಂಚನ್ನು ಸೊನ್ನೆ ಎಂದು ಹಿಡಿದು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಇದಕ್ಕೆ ಪಿಒಪಿ-ಕ್ಯೂ ಎಂದು ಹೆಸರು, 1996ರಲ್ಲಿ ಗೊತ್ತುಮಾಡಿದ ಅಂತರರಾಷ್ಟ್ರೀಯ ಕ್ರಮ. ಯೋನಿಯ ಮುಂದಿನ ಗೋಡೆಯಷ್ಟೇ ಇಳಿದು, ದೂರು ಅದಕ್ಕೆ ಹೊಂದುತ್ತಿದ್ದರೆ ಸ್ಕ್ಯಾನ್ ಬೇಕಾಗದೆಯೂ ಇರಬಹುದು. ಖರ್ಚು ಮಾಡಿ, ಕೂಲಿ ಬಿಟ್ಟು ಬರುವವರಿಗೆ ಇದನ್ನು ಮೊದಲೇ ಹೇಳುವುದು ನಮ್ಮ ಕರ್ತವ್ಯ. ಆಪರೇಷನ್ ಆದ ಮೇಲೂ ಮತ್ತೆ ಇಳಿದಿದ್ದರೆ, ಹಿಂದಿನ ಗೋಡೆ ಉಬ್ಬಿ ಸಂಡಾಸಕ್ಕೆ ತೊಂದರೆಯಾಗಿದ್ದರೆ, ಹೆಂಗಸು ಹೇಳುವುದಕ್ಕೂ ಕೈಗೆ ಸಿಗುವುದಕ್ಕೂ ತಾಳೆಯಾಗದಿದ್ದರೆ, ಹಿಂದಿನ ಆಪರೇಷನ್ನಿನಲ್ಲಿ ಆಸರೆಗೆಂದು ಒಳಗೆ ಜಾಳಿಗೆ (ಮೆಶ್) ಕೂರಿಸಿದ್ದರೆ, ಆಗ ಚಿತ್ರ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕೈಗೆ ಸಿಗುವುದು ಉಬ್ಬಿದ ಗೋಡೆ ಮಾತ್ರ. ಆ ಗೋಡೆಯ ಹಿಂದೆ ಇರುವುದು ಮೂತ್ರಕೋಶವೋ, ಗುದನಾಳವೋ, ಸಣ್ಣ ಕರುಳೋ ಎಂದು ತೋರಿಸುವುದು ಸ್ಕ್ಯಾನ್.

ಮೊದಲ ಗೊಂದಲ ನೀರಿನದು. ಸ್ಕ್ಯಾನ್ ಅಂದರೆ ನೀರು ಕುಡಿದು ಹೊಟ್ಟೆ ಬಿಗಿ ಹಿಡಿದು ಕೂರುವುದು ಎಂದು ಊರಲ್ಲೆಲ್ಲ ರೂಢಿ. ಬಸ್ ಸ್ಟ್ಯಾಂಡಿನಲ್ಲೇ ಒಂದು ಲೀಟರ್ ಬಾಟ್ಲಿ ಖಾಲಿ ಮಾಡಿ ಬರುತ್ತಾರೆ. ಹೊಟ್ಟೆಯ ಮೇಲಿನ ಸ್ಕ್ಯಾನಿಗೆ ಅದು ಸರಿ. ಈ ಪರೀಕ್ಷೆಗೆ ಅದೇ ಅಡ್ಡಿ. ತುಂಬಿದ ಮೂತ್ರಕೋಶ ತನ್ನ ಭಾರದಿಂದ ಜಾಗ ಹಿಡಿದು ಕೂತು ಗರ್ಭಕೋಶ ಇಳಿಯಲು ಬಿಡುವುದಿಲ್ಲ. ತುಂಬಿದಾಗ ತಿಣುಕಲು ಹೆಂಗಸಿಗೂ ಭಯ, ಬಟ್ಟೆ ಒದ್ದೆಯಾದೀತು ಎಂದು. ಹಾಗೆ ಬಂದವರಿಗೆ ಮೊದಲು ಹೊಟ್ಟೆಯ ಮೇಲಿನ ಸ್ಕ್ಯಾನ್ ಮುಗಿಸುತ್ತೇವೆ: ಗರ್ಭಕೋಶದಲ್ಲಿ ಗಡ್ಡೆ ಇದೆಯೇ, ಅಂಡಾಶಯ ಹೇಗಿದೆ, ಮುಖ್ಯವಾಗಿ ಎರಡೂ ಕಿಡ್ನಿ ಊದಿವೆಯೇ. ಗರ್ಭಕೋಶ ಪೂರ್ತಿ ಹೊರಬಿದ್ದವರಲ್ಲಿ ಮೂತ್ರನಾಳಗಳು ಜೊತೆಗೆ ಎಳೆದು ಬಾಗಿ, ಮೂತ್ರ ಹಿಂದಕ್ಕೆ ನಿಂತು ಕಿಡ್ನಿ ಹಿಗ್ಗುವುದುಂಟು. ಹೆಚ್ಚಾಗಿ ನೋವಿರುವುದಿಲ್ಲವಾದ್ದರಿಂದ ಅದು ಯಾರಿಗೂ ಗೊತ್ತಾಗದೆ ಉಳಿಯುತ್ತದೆ. ಕೆಳಗಿನ ಸ್ಕ್ಯಾನ್‌ಗೆ ಬಂದವರ ಕಿಡ್ನಿ ನೋಡದೆ ಕಳಿಸುವುದು ದೊಡ್ಡ ತಪ್ಪು.

ಆಮೇಲೆ, "ಅವ್ವಾರ, ಈಗ ಹೋಗಿ ಪೂರ್ತಿ ಕಾಲ್ಮಡಿದು ಬರ್ರಿ" ಎಂದು ಕಳಿಸುತ್ತೇವೆ. ಬಂದ ತಕ್ಷಣ ಉಳಿದ ಮೂತ್ರ ಅಳೆಯಬೇಕು: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 0.52ರಿಂದ ಗುಣಿಸಿದರೆ ಮಿಲಿಲೀಟರ್. 100 ದಾಟಿದ್ದರೆ ರಿಪೋರ್ಟಿನಲ್ಲಿ ಎದ್ದು ಕಾಣುವಂತೆ ಬರೆಯುತ್ತೇವೆ. ಮೂತ್ರಕೋಶ ಜೋತು ಮೂತ್ರದ ದಾರಿ ಮಡಚಿದವರು ಇಲ್ಲೇ ಸಿಕ್ಕುತ್ತಾರೆ. "ಗಂಟು ಒಳಗ ತಳ್ಳಿದ್ರನ ಒಂದಕ್ಕ ಬರ್ತೈತ್ರಿ" ಎಂದು ಅವರೇ ಹೇಳುತ್ತಾರೆ, ಕೇಳಿದರೆ. ಕೇಳದಿದ್ದರೆ ಹೇಳುವುದಿಲ್ಲ. ಹಿಂದಿನ ದಿನ ಸಂಡಾಸ ಸರಿಯಾಗಿ ಆಗಿದೆಯೇ ಎಂದೂ ಕೇಳಬೇಕು. ಗುದನಾಳದಲ್ಲಿ ಗಟ್ಟಿ ಮಲವೋ ಗ್ಯಾಸೋ ಇದ್ದರೆ ಅದರ ನೆರಳು ಬಿದ್ದು ಹಿಂದಿನ ಭಾಗ ಮಸುಕಾಗುತ್ತದೆ. ಪೆಸರಿ, ಅಂದರೆ ಒಳಗಿಡುವ ರಿಂಗು ಇದ್ದರೆ ತೆಗೆಸಿ ಸ್ವಲ್ಪ ಹೊತ್ತು ವರಾಂಡದಲ್ಲಿ ನಡೆದಾಡಿಸಬೇಕು. ತೆಗೆದ ಕ್ಷಣವೇ ನೋಡಿದರೆ ಅಂಗ ಇನ್ನೂ ಇಳಿದಿರುವುದಿಲ್ಲ.

ಬಾಗಿಲು ಮುಚ್ಚಿ, ಪರದೆ ಎಳೆದು, ಒಳಗೆ ಒಬ್ಬ ನರ್ಸಕ್ಕ ಇರಲೇಬೇಕು. "ಒಳಗ ಹಾಕ್ತೀರೇನ್ರಿ ಬಾಯಾರ?" ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಒಳಗೆ ಹಾಕುವುದಿಲ್ಲ. ಹೊಟ್ಟೆಯ ಮೇಲಿಡುವ ಅದೇ ಬಾಗಿದ ಪ್ರೋಬನ್ನು ಕೆಳಗೆ ಹೊರಗಡೆಯೇ ಉದ್ದಕ್ಕೆ ಇಡುವುದು. ಇಷ್ಟು ಹೇಳಿದರೆ ತೊಡೆಗಳ ಬಿಗಿ ಅರ್ಧ ಸಡಿಲಾಗುತ್ತದೆ.

ಪ್ರೋಬ್ 3ರಿಂದ 6 ಮೆಗಾಹರ್ಟ್ಸ್‌ನದು, ನೋಟದ ಕೋನ ಕನಿಷ್ಠ 70 ಡಿಗ್ರಿ ಇರಬೇಕು. ಬಸುರಿಯರಿಗೆ ಮಗುವಿನ ಮುಖ ತೋರಿಸಲೆಂದು ತಂದ 4ಡಿ ಪ್ರೋಬ್ ಇದ್ದರೆ ಇನ್ನೂ ಒಳ್ಳೆಯದು. ಅದೇ ಪ್ರೋಬಿನಿಂದ ಶ್ರೋಣಿಯ ತಳದ ಸ್ನಾಯುವನ್ನು ಮೂರು ಆಯಾಮದಲ್ಲಿ ನೋಡಬಹುದು, ಬೇರೆ ಯಂತ್ರ ಕೊಳ್ಳಬೇಕಿಲ್ಲ. ಮೇಲೆ ಜೆಲ್ ಹಚ್ಚಿ ಪುಡಿಯಿಲ್ಲದ ಗ್ಲೌಸ್ ಎಳೆದು, ಬೆರಳಿನಿಂದ ತೀಡಿ ಗಾಳಿಗುಳ್ಳೆ ಹೊರಗೆ ಹಾಕಬೇಕು. ಪುಡಿ ಇರುವ ಗ್ಲೌಸ್ ಹಾಕಿದರೆ ಚಿತ್ರದ ಮೇಲೆ ಅಡ್ಡಗೆರೆಗಳು ಬೀಳುತ್ತವೆ, ಆಮೇಲೆ ಎಷ್ಟು ಗುಂಡಿ ತಿರುವಿದರೂ ಹೋಗುವುದಿಲ್ಲ. ಗ್ಲೌಸಿನ ಹೊರಗೆ ಮತ್ತೆ ಜೆಲ್. ಪ್ರತಿಯೊಬ್ಬರಿಗೂ ಹೊಸ ಗ್ಲೌಸ್, ಮಧ್ಯದಲ್ಲಿ ಪ್ರೋಬ್ ಒರೆಸಿ ಕ್ರಿಮಿನಾಶಕ ಹಚ್ಚುವುದು ತಪ್ಪುವಂತಿಲ್ಲ.

ಕಾಲು ಮಡಚಿ, ಹಿಮ್ಮಡಿ ಪೃಷ್ಠದ ಹತ್ತಿರ ತಂದು, ಮೊಣಕಾಲು ಸ್ವಲ್ಪ ಅಗಲಿಸಿ ಮಲಗಿಸುತ್ತೇವೆ. ಪ್ರೋಬ್ ಇಡುವಾಗ ತುಟಿಗಳನ್ನು ಬಿಡಿಸಿ ಇಡಬೇಕು, ಮಧ್ಯೆ ಗಾಳಿ ಸಿಕ್ಕಿಕೊಳ್ಳಬಾರದು. ಪರದೆಯ ಮೇಲೆ ಮುಂದಿನ ಮೂಳೆ, ನಾವು ಪ್ಯೂಬಿಸ್ ಅನ್ನುವುದು, ಪ್ರೋಬಿನ ಮೇಲ್ಮೈಯಿಂದ 1 ಸೆಂಟಿಮೀಟರಿನೊಳಗೆ ಕಾಣಬೇಕು. ಅದಕ್ಕಿಂತ ದೂರವಿದ್ದರೆ ಸರಿಯಾಗಿ ತಾಗಿಲ್ಲ ಎಂದೇ ಅರ್ಥ. ಮೂಳೆಯಿಂದ ಹಿಂದಕ್ಕೆ ಸಾಲಾಗಿ ಮೂತ್ರದ್ವಾರದ ನಾಳ, ಮೂತ್ರಕೋಶದ ಕುತ್ತಿಗೆ, ಯೋನಿ, ಗರ್ಭಕಂಠ, ಗುದನಾಳ, ಅದರ ಹಿಂದೆ ಬೆಳ್ಳಗೆ ಹೊಳೆಯುವ, ಶ್ರೋಣಿಯ ತಳದ ಲೆವೇಟರ್ ಸ್ನಾಯುವಿನ ತಟ್ಟೆ. ಮುಟ್ಟು ನಿಂತು ವರ್ಷಗಳಾದವರ ಗರ್ಭಕೋಶ ಸಣ್ಣಗಾಗಿ ಯೋನಿಯ ಗೋಡೆಯ ಬಣ್ಣದಲ್ಲೇ ಬೆರೆತಿರುತ್ತದೆ. ಆಗ ಗರ್ಭಕಂಠದ ಅಂಚಿನ ಬಿಳಿ ಗೆರೆಯನ್ನೋ ಅದರಲ್ಲಿರುವ ಸಣ್ಣ ನೀರುಗುಳ್ಳೆಗಳನ್ನೋ ಗುರುತು ಹಿಡಿದು ಹುಡುಕಬೇಕು. ಅಲುಗಿದಾಗ ಸುಲಭವಾಗಿ ಕಾಣುತ್ತದೆ.

ಇನ್ನು ತಿಣುಕುವುದು.

ವಾಲ್ಸಾಲ್ವಾ ಎಂದು ಪುಸ್ತಕದಲ್ಲಿದೆ. "ಉಸಿರು ಬಿಗಿಹಿಡಿದು ಒತ್ತಡ ಹಾಕಿ" ಎಂದರೆ ಯಾರಿಗೂ ತಿಳಿಯುವುದಿಲ್ಲ. ಎದೆ ಉಬ್ಬಿಸಿ, ಕೆನ್ನೆ ಉಬ್ಬಿಸಿ, ಮುಖ ಕೆಂಪು ಮಾಡಿಕೊಂಡು ನಮ್ಮನ್ನೇ ನೋಡುತ್ತಾರೆ. ಹೊಟ್ಟೆಯಲ್ಲಿ ಏನೂ ಆಗಿರುವುದಿಲ್ಲ. "ಬಾಯಿ ಮುಚ್ರಿ, ಹೊಟ್ಟಿಗೆ ಬಲ ಕೊಟ್ಟು, ಹಡಿಯೂ ಮುಂದ ತಿಣುಕಿದ್ರೆಲಾ, ಹಂಗ ಕೆಳಗ ತಿಣುಕ್ರಿ" ಎಂದರೆ ತಕ್ಷಣ ಗೊತ್ತಾಗುತ್ತದೆ. ಹಡೆದ ದೇಹ ಆ ಬಲವನ್ನು ಮರೆತಿರುವುದಿಲ್ಲ. ಆದರೆ ಒಮ್ಮೆ ತಿಣುಕಿ ಬಿಟ್ಟರೆ ಸಾಲದು. ಕನಿಷ್ಠ 6 ಸೆಕೆಂಡು ಹಿಡಿಯಬೇಕು. ಅಷ್ಟು ಹೊತ್ತಿಗೆ ಅಂಗ ತಾನು ಇಳಿಯಬಹುದಾದ ದೂರದ ಹೆಚ್ಚು ಪಾಲು ಇಳಿದಿರುತ್ತದೆ. ಎರಡು ಸೆಕೆಂಡಿಗೆ ಬಿಟ್ಟುಬಿಟ್ಟರೆ ಅರ್ಧ ದಾರಿಯ ಚಿತ್ರ ಸಿಗುತ್ತದೆ, ಅದನ್ನೇ ಅಳೆದು ಬರೆದರೆ ದೊಡ್ಡ ಜಾರುವಿಕೆ ಸಣ್ಣದಾಗಿಬಿಡುತ್ತದೆ. ಕೆಮ್ಮಿಸಿ ನೋಡುವುದೂ ಇದಕ್ಕೆ ಬದಲಾಗುವುದಿಲ್ಲ, ಕೆಮ್ಮು ಕ್ಷಣದ್ದು. ನಾವು ಗಟ್ಟಿಯಾಗಿ ಎಣಿಸುತ್ತೇವೆ: ಒಂದು, ಎರಡು, ಮೂರು... ಆರಾಗುವವರೆಗೆ ಬಿಡಬಾರದು. ಹೀಗೆ ಕನಿಷ್ಠ ಮೂರು ಸಲ, ಮಧ್ಯೆ ಸುಧಾರಿಸಿಕೊಳ್ಳಲು ಬಿಡುವು ಕೊಟ್ಟು. ಅಳತೆಗೆ ಹಿಡಿಯುವುದು ಎಲ್ಲಕ್ಕಿಂತ ಹೆಚ್ಚು ಇಳಿದ ಸಲದ್ದನ್ನು.

ನಾಚಿಕೆ ಇಲ್ಲಿ ಮನಸ್ಸಿನ ಮಾತಷ್ಟೇ ಅಲ್ಲ, ಅಳತೆಯನ್ನೇ ಕೆಡಿಸುತ್ತದೆ. ಗ್ಯಾಸು ಹೋದೀತು, ಮೂತ್ರ ಬಂದೀತು ಎಂದು ಹೆದರಿದವರು ಹೊಟ್ಟೆಯಿಂದ ತಳ್ಳುತ್ತಲೇ ಕೆಳಗಿನ ಸ್ನಾಯುವನ್ನು ಬಿಗಿಹಿಡಿಯುತ್ತಾರೆ. ಮೇಲಿಂದ ತಳ್ಳುತ್ತಾರೆ, ಕೆಳಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಪರದೆಯಲ್ಲಿ ಇದು ಸ್ಪಷ್ಟ ಕಾಣುತ್ತದೆ: ತಿಣುಕಿದಾಗ ಮೂಳೆಗೂ ಲೆವೇಟರ್ ತಟ್ಟೆಗೂ ನಡುವಿನ ಅಂತರ ಹಿಗ್ಗಬೇಕು, ಇವರಲ್ಲಿ ಅದು ಕುಗ್ಗುತ್ತದೆ. ಆ ಕುಗ್ಗುವುದನ್ನು ನೋಡದೆ "ಜಾರುವಿಕೆ ಇಲ್ಲ" ಎಂದು ಬರೆದುಬಿಡುವುದು ಈ ಪರೀಕ್ಷೆಯಲ್ಲಿ ಆಗುವ ತಪ್ಪುಗಳಲ್ಲಿ ಅತಿ ಸಾಮಾನ್ಯ. ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದರೆ ಬಹಳ ಮಂದಿ ತಾವೇ ಸರಿಪಡಿಸಿಕೊಳ್ಳುತ್ತಾರೆ. "ಕೆಳಗ ಪ್ಯಾಡ್ ಹಾಸೀವ್ರಿ ಅಕ್ಕಾರ, ಏನರ ಬಂದ್ರ ಬರ್ಲಿ, ನಾವು ಒರಸ್ತೀವಿ" ಎಂದು ನರ್ಸಕ್ಕ ಹೇಳುವ ಒಂದು ಮಾತಿಗೆ ಯಂತ್ರದ ಯಾವ ಗುಂಡಿಯೂ ಸಮವಲ್ಲ.

ಇನ್ನೊಂದು ತಪ್ಪು ನಮ್ಮ ಕೈಯದು. ಪ್ರೋಬನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಇಳಿಯುವ ಅಂಗಕ್ಕೆ ನಾವೇ ಅಡ್ಡ ನಿಂತಂತೆ. ಅಂಗ ಇಳಿದಂತೆಲ್ಲ ಕೈಯೂ ಹಿಂದಕ್ಕೆ ಸರಿಯಬೇಕು, ತಾಗಿರುವಷ್ಟೇ ತಾಗಿರಬೇಕು. ಗರ್ಭಕೋಶ ಪೂರ್ತಿ ಹೊರಬಂದವರಲ್ಲಿ ಎಷ್ಟು ಹಗುರ ಹಿಡಿದರೂ ಪ್ರೋಬ್ ಅದನ್ನು ಒಳಗೆ ತಳ್ಳುತ್ತದೆ. ಅಲ್ಲಿ ಈ ಸ್ಕ್ಯಾನಿಗೆ ಮಿತಿ ಇದೆ, ಕಣ್ಣಿಗೆ ಕಾಣುವುದನ್ನು ಸ್ಕ್ಯಾನಿನಿಂದ ಅಳೆಯಲು ಹೋಗಬಾರದು. ಮಲಗಿದಾಗ ಏನೂ ಇಳಿಯದೆ ದೂರು ಮಾತ್ರ ದೊಡ್ಡದಿದ್ದರೆ ಎಬ್ಬಿಸಿ, ಕಾಲು ಅಗಲಿಸಿ ನಿಲ್ಲಿಸಿ, ನಿಂತಲ್ಲೇ ತಿಣುಕಿಸಿ ನೋಡುತ್ತೇವೆ. ಸೊಂಟಕ್ಕೆ ಬೆಡ್‌ಶೀಟ್ ಸುತ್ತಿ, ಗೋಡೆ ಹಿಡಿಯಲು ಬಿಟ್ಟು.

ಅಳತೆಯ ಸೊನ್ನೆ ಇಲ್ಲಿ ಪ್ಯೂಬಿಸ್ ಮೂಳೆಯ ಕೆಳ ಹಿಂಬದಿಯ ಅಂಚು. ಅಲ್ಲಿಂದ ಒಂದು ಅಡ್ಡಗೆರೆ ಎಳೆದು, ತಿಣುಕಿದಾಗ ಯಾವ ಅಂಗ ಅದರ ಕೆಳಗೆ ಎಷ್ಟು ಮಿಲಿಮೀಟರ್ ಬಂತು ಎಂದು ನೋಡುವುದು. ಮೂತ್ರಕೋಶ 10 ಮಿ.ಮೀ. ಅಥವಾ ಇನ್ನೂ ಕೆಳಗೆ ಬಂದರೆ ಅದು ತೊಂದರೆ ಕೊಡುವಂಥ ಜಾರುವಿಕೆ. ಗುದನಾಳಕ್ಕೆ ಈ ಗಡಿ 15 ಮಿ.ಮೀ. ಗರ್ಭಕೋಶದ ಲೆಕ್ಕ ಬೇರೆ. ಅದು ಗೆರೆ ದಾಟಬೇಕಾಗಿಲ್ಲ, ಗೆರೆಗಿಂತ 15 ಮಿ.ಮೀ. ಮೇಲಿನವರೆಗೆ ಇಳಿದರೇ ಹೆಂಗಸಿಗೆ ಭಾರ ಎನಿಸತೊಡಗುತ್ತದೆ. ಇದು ಗೊತ್ತಿಲ್ಲದೆ "ಗರ್ಭಕೋಶ ಗೆರೆಯ ಮೇಲೆಯೇ ಇದೆ, ಸಹಜ" ಎಂದು ಬರೆದ ರಿಪೋರ್ಟ್‌ಗಳು ಬಹಳ ಬರುತ್ತವೆ.

ಈ ಸೊನ್ನೆಯನ್ನು ಇನ್ನೊಂದು ಸೊನ್ನೆಯ ಜೊತೆ ಬೆರೆಸಬಾರದು. ಬಾವಿಯ ನೀರಿನ ಆಳವನ್ನು ಒಬ್ಬರು ಕಟ್ಟೆಯ ಮೇಲಿಂದ ಅಳೆದರೆ, ಇನ್ನೊಬ್ಬರು ನೆಲದಿಂದ ಅಳೆದರೆ ಹಗ್ಗದ ಉದ್ದ ಬೇರೆ ಬೇರೆ ಬರುತ್ತದೆ, ನೀರು ಒಂದೇ. ಕೈ ಪರೀಕ್ಷೆಯ ಸೊನ್ನೆ ಯೋನಿಯ ಬಾಯಿ, ಸ್ಕ್ಯಾನಿನ ಸೊನ್ನೆ ಪ್ಯೂಬಿಸ್ ಅಂಚು, ಎಂಆರ್‌ಐನ ಸೊನ್ನೆ ಪ್ಯೂಬಿಸ್‌ನಿಂದ ಬಾಲಮೂಳೆಯ ಕೊನೆಯ ಕೀಲಿಗೆ ಎಳೆದ ಓರೆ ಗೆರೆ. ಮೂರು ರಿಪೋರ್ಟ್ ಪಕ್ಕಪಕ್ಕ ಇಟ್ಟು "ಮೊದಲು 2 ಇತ್ತು, ಈಗ 4 ಆಗೈತಿ, ಬೆಳದೈತಿ" ಎಂದು ಹೆದರುವವರಿಗೆ ಇದನ್ನು ಬಿಡಿಸಿ ಹೇಳಲು ಎರಡು ನಿಮಿಷ ಬೇಕು. ರಿಪೋರ್ಟಿನಲ್ಲೇ ಯಾವ ಗೆರೆಯಿಂದ ಅಳೆದದ್ದು ಎಂದು ಬರೆದರೆ ಆ ಎರಡು ನಿಮಿಷವೂ ಉಳಿಯುತ್ತದೆ.

4ಡಿ ಪ್ರೋಬ್ ಇದ್ದಲ್ಲಿ ಸ್ನಾಯುವಿನ ಮಾತು. ಲೆವೇಟರ್ ಸ್ನಾಯು ಮುಂದಿನ ಮೂಳೆಯ ಎರಡೂ ಬದಿಗೆ ಅಂಟಿ, ಹಿಂದೆ ಗುದನಾಳವನ್ನು ಸುತ್ತಿ ಬರುವ ಬಿಲ್ಲಿನಂಥ ಪಟ್ಟಿ. ಅದರ ನಡುವಿನ ಕಿಂಡಿಯಿಂದಲೇ ಅಂಗಗಳು ಜಾರುವುದು. ತಿಣುಕಿದಾಗ ಆ ಕಿಂಡಿಯ ವಿಸ್ತೀರ್ಣ 25 ಚದರ ಸೆಂ.ಮೀ. ಒಳಗಿದ್ದರೆ ಸಹಜ. 25ರಿಂದ 30ರವರೆಗೆ ಅಲ್ಪ ಹಿಗ್ಗುವಿಕೆ, 35ರವರೆಗೆ ಮಧ್ಯಮ, 40ರವರೆಗೆ ಹೆಚ್ಚು, 40 ದಾಟಿದರೆ ತೀವ್ರ. ಹೆರಿಗೆಯಲ್ಲಿ, ಅದರಲ್ಲೂ ಫೋರ್ಸೆಪ್ಸ್ ಹಾಕಿ ಎಳೆದ ಹೆರಿಗೆಯಲ್ಲಿ, ಈ ಪಟ್ಟಿ ಮೂಳೆಯಿಂದ ಕಿತ್ತು ಬರುವುದುಂಟು. ಹೊರಗೆ ಹೊಲಿಗೆ ಹಾಕುವಾಗ ಇದು ಕಾಣುವುದಿಲ್ಲ, ಎಷ್ಟೋ ವರ್ಷಗಳ ಮೇಲೆ ಜಾರುವಿಕೆಯಾಗಿ ಹೊರಬರುತ್ತದೆ. ಕಿತ್ತದ್ದನ್ನು ನೋಡಲು ಮಾತ್ರ ತಿಣುಕಿಸಬಾರದು, ಬಿಗಿಹಿಡಿಸಬೇಕು. "ಒಂದಕ್ಕ ಬಂದದ್ದು ತಡಕೊಂಡಂಗ ಮಾಡ್ರಿ" ಎಂದರೆ ಸಾಕು. ಆಗ ತೆಗೆದ ಚಿತ್ರವನ್ನು 2.5 ಮಿ.ಮೀ. ಅಂತರದ ಹೋಳುಗಳಾಗಿ ಕೊಯ್ದು ನೋಡುತ್ತೇವೆ. ನಡುವಿನ ಮೂರೂ ಹೋಳುಗಳಲ್ಲಿ ಸ್ನಾಯು ಮೂಳೆಗೆ ತಾಗಿರದಿದ್ದರೆ ಪೂರ್ತಿ ಕಿತ್ತಿದೆ ಎಂದು ಬರೆಯುವುದು. ಅನುಮಾನವಿದ್ದಲ್ಲಿ ಮೂತ್ರದ್ವಾರದ ನಾಳದ ನಡುವಿನಿಂದ ಸ್ನಾಯುವಿಗೆ ಅಂತರ ಅಳೆಯುತ್ತೇವೆ, 25 ಮಿ.ಮೀ. ದಾಟಿದ್ದರೆ ಕಿತ್ತಿರುವ ಸಂಭವವೇ ಹೆಚ್ಚು. ಈ ಒಂದು ವಾಕ್ಯ ಸರ್ಜನ್‌ಗೆ ಬಹಳ ಬೆಲೆಯುಳ್ಳದ್ದು. ಸ್ನಾಯು ಕಿತ್ತವರಲ್ಲಿ ಆಪರೇಷನ್ ಆದ ಮೇಲೂ ಮತ್ತೆ ಜಾರುವ ಸಂಭವ ಹೆಚ್ಚು. ಯಾವ ಆಪರೇಷನ್, ಆಮೇಲೆ ಎಷ್ಟು ಜಾಗ್ರತೆ ಎಂಬುದನ್ನು ಹೆಂಗಸಿನ ಜೊತೆ ಮೊದಲೇ ಕೂತು ಮಾತಾಡಬಹುದು.

ಹಿಂದಿನ ಗೋಡೆಯ ಉಬ್ಬು ಹೆಚ್ಚು ಮೋಸ ಮಾಡುತ್ತದೆ. ಹೊರಗಿಂದ ಒಂದೇ ಥರ ಕಾಣುವ ಉಬ್ಬಿನ ಹಿಂದೆ ಮೂರು ಬೇರೆ ಸಂಗತಿ ಇರಬಹುದು. ಗುದನಾಳದ ಮುಂಗೋಡೆ ಚೀಲದಂತೆ ಯೋನಿಯೊಳಕ್ಕೆ ಚಾಚಿದ್ದರೆ ರೆಕ್ಟೊಸೀಲ್. ಚೀಲದ ಆಳ 10 ಮಿ.ಮೀ. ಅಥವಾ ಹೆಚ್ಚಿದ್ದರೆ ಲೆಕ್ಕಕ್ಕೆ ಹಿಡಿಯಬೇಕು. ಸಣ್ಣ ಕರುಳು ಯೋನಿಗೂ ಗುದನಾಳಕ್ಕೂ ನಡುವೆ ಇಳಿದಿದ್ದರೆ ಎಂಟರೊಸೀಲ್. ಒಳಗೆ ಕರುಳು ಹೊರಳಾಡುವುದು ಪರದೆಯಲ್ಲೇ ಕಾಣುತ್ತದೆ, ಅದೇ ಗುರುತು. ಮೂರನೆಯದರಲ್ಲಿ ಚೀಲವೇ ಇರುವುದಿಲ್ಲ, ಇಡೀ ತಳವೇ ಸಡಿಲಾಗಿ ಒಟ್ಟಿಗೆ ಇಳಿದಿರುತ್ತದೆ. ಮೂರಕ್ಕೂ ಒಂದೇ ಹೊಲಿಗೆ ಹಾಕಲಾಗದು. "ಬೆರಳಿಲೆ ಒತ್ತಿ ಹಿಡದ್ರ ಮಾತ್ರ ಸಂಡಾಸ ಆಗ್ತೈತ್ರಿ" ಎಂದು ತಲೆ ತಗ್ಗಿಸಿ ಹೇಳುವವರಲ್ಲಿ ಬಹಳ ಸಲ ರೆಕ್ಟೊಸೀಲ್ ಸಿಗುತ್ತದೆ.

ಇಲ್ಲಿಯೂ ಬಿಡಿಸಲಾಗದಿದ್ದರೆ ಎಂಆರ್‌ಐ. ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಿಲ್ಲ, ಎಕ್ಸ್‌ರೇ ಕಿರಣವಿಲ್ಲ. 1.5 ಟೆಸ್ಲಾ ಯಂತ್ರ ಸಾಕು. ಆದರೆ ಸಿದ್ಧತೆ ದೊಡ್ಡದು. ಮೊದಲು ಲೋಹ. ತಾಳಿ, ಬೆಂಡವಾಲಿ, ಮೂಗುತಿ, ಕಾಲುಂಗುರ ಎಲ್ಲ ತೆಗೆಯಬೇಕೆಂದು ಹಿಂದಿನ ದಿನವೇ ಹೇಳಿ ಕಳಿಸಬೇಕು. ವರ್ಷಗಟ್ಟಲೆ ತೆಗೆಯದ ಕಾಲುಂಗುರ ಸೋಪು ಹಚ್ಚಿದರೂ ಬರುವುದಿಲ್ಲ, ಬಾಗಿಲ ಹೊರಗೆ ಅರ್ಧ ತಾಸು ಹೋಗುತ್ತದೆ. ಬಳೆಗೆ ಸಿಕ್ಕಿಸಿಕೊಂಡ ಪಿನ್ನು ಮರೆತು ಒಳಗೆ ಹೋಗುವವರು ಬಹಳ, ಕೈಮುಟ್ಟಿ ನೋಡಿಯೇ ಬಿಡಬೇಕು. ತಾಳಿ ತೆಗೆಯಲು ಮನಸ್ಸೊಪ್ಪದವರಿಗೆ ಕೊರಳಿಗೆ ಅರಿಷಿಣದ ದಾರ ಕಟ್ಟಿಕೊಂಡು ಬರಲು ಹೇಳುತ್ತೇವೆ. ಪೇಸ್‌ಮೇಕರ್ ಇದೆಯೇ ಎಂದು ಕೇಳದೆ ಒಳಗೆ ಬಿಡುವಂತಿಲ್ಲ. ಕಾಪರ್-ಟಿ ಇದ್ದರೆ ಹೆದರಬೇಕಿಲ್ಲ.

ಎಡ ಮಗ್ಗುಲಾಗಿ ಮಲಗಿಸಿ, ಮೆತ್ತನೆಯ ರಬ್ಬರ್ ನಳಿಕೆಯಿಂದ ಅಲ್ಟ್ರಾಸೌಂಡ್ ಜೆಲ್ ಅನ್ನೇ ಗುದನಾಳಕ್ಕೆ ತುಂಬುತ್ತೇವೆ, 120ರಿಂದ 250 ಮಿ.ಲೀ. 60 ಮಿ.ಲೀ.ಯ ಸಿರಿಂಜಿನಲ್ಲಿ ಮೂರು ಸಲ ತುಂಬಿದರೆ ಸಾಮಾನ್ಯವಾಗಿ ಸಾಕು. ಜೆಲ್ ತಣ್ಣಗಿದ್ದರೆ ಕರುಳು ಹಿಡಿದುಕೊಳ್ಳುತ್ತದೆ, ಬಿಸಿನೀರಿನಲ್ಲಿ ಬಾಟಲಿ ಇಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಬೇಕು. ಡೈಪರ್ ತೊಡಿಸಿ, ಮೊಣಕಾಲ ಕೆಳಗೆ ದಿಂಬು ಕೊಟ್ಟು ಕೊಳವೆಯೊಳಗೆ ಕಳಿಸುವುದು. ಮೊದಲು ಸುಮ್ಮನಿದ್ದಾಗಿನ ಚಿತ್ರ, ಆಮೇಲೆ ಬಿಗಿಹಿಡಿದಾಗ, ತಿಣುಕಿದಾಗ, ಕೊನೆಗೆ ಜೆಲ್ ಹೊರಹಾಕುವಾಗ. ಈ ಕೊನೆಯದಕ್ಕಾಗಿಯೇ ಇಷ್ಟೆಲ್ಲ. ಕೆಲವು ರೆಕ್ಟೊಸೀಲ್, ಎಂಟರೊಸೀಲ್ ಮತ್ತು ಕರುಳು ಕರುಳೊಳಗೇ ಮಡಚಿ ಇಳಿಯುವುದು ಪೂರ್ತಿ ಹೊರಹಾಕಿದಾಗಲಷ್ಟೇ ಕಾಣುತ್ತವೆ. ಮಲಗಿ, ಸದ್ದು ಮಾಡುವ ಯಂತ್ರದೊಳಗೆ, ಡೈಪರಿನಲ್ಲಿ ಸಂಡಾಸ ಮಾಡಿದಂತೆ ಮಾಡು ಎಂದರೆ ಯಾರಿಗೂ ಒಗ್ಗುವುದಿಲ್ಲ. ಹೊರಗಿನ ಕೋಣೆಯಲ್ಲೇ ಕೂರಿಸಿ ಏನೇನಾಗುತ್ತದೆ ಎಂದು ಒಂದೊಂದಾಗಿ ಹೇಳಿ, ಒಮ್ಮೆ ತಿಣುಕಿಸಿ ಅಭ್ಯಾಸ ಮಾಡಿಸಿದರೆ ಒಳಗೆ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಮೈಕಿನಲ್ಲಿ ಹೇಳುವ ಮಾತು ಅವರ ಮನೆಮಾತಿನಲ್ಲೇ ಇರಬೇಕು, ಸಾಧ್ಯವಾದರೆ ಹೆಂಗಸಿನ ದನಿಯಲ್ಲೇ. ಜೆಲ್ ಹೊರಬರದಿದ್ದರೆ ಪರೀಕ್ಷೆ ಅಪೂರ್ಣ ಎಂದೇ ರಿಪೋರ್ಟಿನಲ್ಲಿ ಬರೆಯಬೇಕು, "ದೋಷವಿಲ್ಲ" ಎಂದು ಬರೆಯಬಾರದು.

ಎಂಆರ್‌ಐನ ಓರೆ ಗೆರೆಯಿಂದ ಅಂಗ ಕೆಳಗೆ ಇಳಿದದ್ದು 3 ಸೆಂ.ಮೀ.ವರೆಗೆ ಅಲ್ಪ, 3ರಿಂದ 6 ಮಧ್ಯಮ, 6 ದಾಟಿದರೆ ದೊಡ್ಡದು. ರೆಕ್ಟೊಸೀಲಿಗೆ 2 ಮತ್ತು 4 ಸೆಂ.ಮೀ.ಗಳು ಗಡಿ. ಹಿಂದೆ ಹಾಕಿದ ಜಾಳಿಗೆ ನೋಡಲು ಮಾತ್ರ ಎಂಆರ್‌ಐಗೆ ಹೋಗಬಾರದು. ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕಿನ ಜಾಳಿಗೆ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ, ಕೆಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೆಯುತ್ತದೆ, ಎಲ್ಲಿ ಮಡಚಿದೆ ಎಂಬುದೂ ಸಿಗುತ್ತದೆ.

ಎಲ್ಲ ಮುಗಿದು ಜೆಲ್ ಒರೆಸಿ ಬಟ್ಟೆ ಕೊಡುವಾಗ ಕೇಳುವ ಪ್ರಶ್ನೆಯೊಂದಿದೆ: "ಮನ್ಯಾಗ ಎಷ್ಟ ಹೊರಗ ಬರ್ತೈತಿ ಅಂತೀರೆಲಾ, ಈಗ ತಿಣುಕಿದಾಗ ಅಷ್ಟ ಬಂದಂಗ ಅನಸ್ತೇನ್ರಿ?" ಹೌದು ಎಂದರೆ ಅಳತೆ ನಿಲ್ಲುತ್ತದೆ. "ಇಲ್ರಿ, ಸಂಜಿಮುಂದ ಇದರ ಎರಡರಷ್ಟು" ಎಂದರೆ, ಗ್ಲೌಸ್ ಬದಲಿಸಿ, ನಿಲ್ಲಿಸಿ ಇನ್ನೊಮ್ಮೆ ನೋಡುತ್ತೇವೆ, ಇಲ್ಲವೇ ಮಧ್ಯಾಹ್ನ ಊಟ ಮಾಡಿ, ಪೇಟೆಯಲ್ಲಿ ಓಡಾಡಿ ನಾಲ್ಕರ ಮೇಲೆ ಬರಲು ಹೇಳುತ್ತೇವೆ. ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿಕೊಂಡೇ ಆ ಹೊತ್ತು ಗೊತ್ತು ಮಾಡುವುದು.